ಉಡುಪಿಯಿಂದ ಮಂಗಳೂರಿಗೆ ದಿನಾ ಲ್ಯಾಪ್‌ಟಾಪ್ ಹೊತ್ತು ಓಡಾಡುತ್ತೇನೆ. ಅದು ಐದಾರು ವರ್ಷ ಬಾಳಿಕೆ ಬರಲು ಏನು ಮಾಡಬೇಕು?

ನಮ್ಮ ಕರಾವಳಿಯಲ್ಲಿ ಲ್ಯಾಪ್‌ಟಾಪ್ ಕೆಡಿಸುವುದು ಮುಖ್ಯವಾಗಿ ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಸರಿಯಾಗಿ ಒಣಗುವುದಿಲ್ಲ, ಅಲ್ವಾ? ಅದರ ಜೊತೆ ಉಪ್ಪುಗಾಳಿಯೂ ಸೇರಿದರೆ ಪೋರ್ಟ್‌ಗಳು ಬೇಗ ತುಕ್ಕು ಹಿಡಿಯುತ್ತವೆ. ಹಾಗಾಗಿ ಮಳೆಗಾಲದಲ್ಲಿ ವಾರಗಟ್ಟಲೆ ಸುಮ್ನೆ ಮುಚ್ಚಿಡಬೇಡಿ. ರಜೆಯಲ್ಲೂ ಆಗಾಗ ಆನ್ ಮಾಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಎಸಿ ಕೋಣೆಯಿಂದ ಸೆಕೆಗೆ ಬಂದ ತಕ್ಷಣ ಹೊರಗೆ ತೆಗೆಯಬೇಡಿ. ತಣ್ಣಗಿನ ಲೋಹದ ಮೇಲೆ ನೀರಹನಿ ಕಟ್ಟುತ್ತದೆ. ಅರ್ಧ ಗಂಟೆ ಬ್ಯಾಗಿನಲ್ಲೇ ಬಿಡಿ.

ಬಸ್ಸು, ರೈಲು ಹತ್ತುವ ಮೊದಲು ಪೂರ್ತಿ ಶಟ್‌ಡೌನ್ ಮಾಡಿ. ಸ್ಲೀಪ್‌ನಲ್ಲಿಟ್ಟರೆ ಕೆಲವೊಮ್ಮೆ ಬ್ಯಾಗಿನೊಳಗೇ ಎಚ್ಚರಗೊಂಡು ಬಿಸಿಯಾಗುತ್ತದೆ. ಲಿಥಿಯಂ ಬ್ಯಾಟರಿಗೆ ಬಿಸಿ ಆಗಿಬರುವುದಿಲ್ಲ. ಮನೆಯಲ್ಲಿ ಜಾಸ್ತಿ ಹೊತ್ತು ಪ್ಲಗ್‌ನಲ್ಲೇ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಚಾರ್ಜ್ ಮಿತಿಯನ್ನು 80%ಗೆ ಇಡಿ. ಹಾಸಿಗೆ ಮೇಲೆ ಇಟ್ಟು ಬಳಸಬೇಡಿ, ಗಾಳಿಯ ದಾರಿ ಮುಚ್ಚುತ್ತದೆ.

ಇನ್ನೊಂದು, ಮೇ ತಿಂಗಳ ಸಂಜೆ ಮೋಡ ಕವಿದಾಗಲೇ, ಗುಡುಗು ಶುರುವಾಗುವ ಮೊದಲೇ ಚಾರ್ಜರನ್ನೂ ಇಂಟರ್‌ನೆಟ್ ಕೇಬಲನ್ನೂ ಕಿತ್ತಿಡಿ. ನನ್ನ ಹಳೆಯ ಲ್ಯಾಪ್‌ಟಾಪ್ ಸತ್ತದ್ದು ಸಿಡಿಲಿನಿಂದಲೇ. ಚಾರ್ಜರ್ ತೆಗೆದಿದ್ದೆ, ಕೇಬಲ್ ಮರೆತಿದ್ದೆ.