ಬರಹಗಾರರಿಗೆ ಸಲಹೆ: ‘ಸಫೊಕ್, ಶೌರ್ಯದ ನಾಡು’ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ಲೇಖನ ತಲುಪಿತು. ಪೂರ್ತಿ ಓದಿದ್ದೇನೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಎರಡು ಸಾಲಿನ ವಿಷಾದ ಪತ್ರ ಕಳಿಸಿ ಕೈತೊಳೆದುಕೊಳ್ಳುವ ಲೇಖನವೂ ಇದಲ್ಲ. ಒಳಗೆ ಸರಕಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೊಕ್ ಕೌಂಟಿಯ ಸ್ಥಳೀಯ ಇತಿಹಾಸ, ಸೈನಿಕ ಇತಿಹಾಸ ಎರಡನ್ನೂ ಒಂದೇ ಲೇಖನದಲ್ಲಿ ಹೇಳಲು ಹೊರಟಿದ್ದೀರಿ. 869ರಲ್ಲಿ ಡೇನರು ಎಡ್ಮಂಡ್ ದೊರೆಯನ್ನು ಕೊಂದಲ್ಲಿ ಶುರು ಮಾಡಿ, 1959ರಲ್ಲಿ ಸಫೊಕ್ ರೆಜಿಮೆಂಟನ್ನು ಪಕ್ಕದ ನಾರ್ಫೊಕ್ ರೆಜಿಮೆಂಟಿನ ಜೊತೆ ವಿಲೀನ ಮಾಡಿದಲ್ಲಿಗೆ ಮುಗಿಸಿದ್ದೀರಿ. ನಡುವೆ ಫ್ರಾಮ್ಲಿಂಗಮ್ ಕೋಟೆ, ಆರ್ಫರ್ಡ್ ಕೋಟೆ, ಸೋಲ್ ಬೇ ಸಮುದ್ರಯುದ್ಧ, ಮಿಂಡೆನ್, ಜಿಬ್ರಾಲ್ಟರ್, ಶ್ರೀರಂಗಪಟ್ಟಣ, ಎರಡು ಮಹಾಯುದ್ಧ, ಮಲಯಾ. ಸ್ಯಾಟಲೈಟ್ ಬಸ್ ಸ್ಟಾಂಡಿನಲ್ಲಿ ಕಂಡಕ್ಟರು ‘ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ’ ಅಂತ ಒಂದೇ ಉಸಿರಿಗೆ ಕೂಗುತ್ತಾರಲ್ಲ, ಹಾಗಿದೆ. ಹೆಸರುಗಳೆಲ್ಲ ಕಿವಿಗೆ ಬಿದ್ದವು. ಒಂದು ಊರಿನಲ್ಲೂ ಇಳಿಯಲಿಲ್ಲ.

ಮೊದಲ ಪುಟವನ್ನು ಪೂರ್ತಿ ತೆಗೆಯಿರಿ. ‘ಇತಿಹಾಸದ ಪುಟಗಳನ್ನು ತಿರುವಿದಾಗ’ ಅನ್ನುವ ಸಾಲು ನಮಗೆ ಬರುವ ಲೇಖನಗಳಲ್ಲಿ ಅರ್ಧಕ್ಕರ್ಧ ಇರುತ್ತದೆ. ‘ವೀರಾವೇಶದಿಂದ ಹೋರಾಡಿದರು’ ನಿಮ್ಮಲ್ಲಿ ಒಂಬತ್ತು ಸಲ ಬಂದಿದೆ. ಎಲ್ಲರೂ ವೀರಾವೇಶದಿಂದಲೇ ಹೋರಾಡಿದರೆ ಓದುಗನಿಗೆ ಯಾರೂ ಕಾಣುವುದಿಲ್ಲ.

ಇನ್ನು ಮುಖ್ಯ ಮಾತು. ಲೇಖನಕ್ಕಿಂತ ಜೊತೆಗಿಟ್ಟ ಪತ್ರವೇ ನನಗೆ ಜಾಸ್ತಿ ಹಿಡಿಸಿತು. ಅದರಲ್ಲಿ ನೀವು, ‘ಇಪ್ಸ್‌ವಿಚ್‌ನಲ್ಲಿ ಮನೆ, ಮಾರ್ಟಲ್ಶಮ್ ಹೀತ್‌ನಲ್ಲಿ ಕಚೇರಿ’ ಅಂತ ಬರೆದಿದ್ದೀರಿ. ನಿಮ್ಮ ಕಚೇರಿ ಇರುವ ಜಾಗ ಯಾವುದು ಅಂತ ಗೊತ್ತಲ್ವಾ? ಅದು ಹಳೇ ವಿಮಾನ ನೆಲೆ. 1917ರಲ್ಲಿ ಅಲ್ಲಿ ಯುದ್ಧವಿಮಾನಗಳನ್ನು ಪರೀಕ್ಷೆ ಮಾಡುವ ಕೆಲಸ ಶುರುವಾಯಿತು. ಮೊದಲ ಸ್ಪಿಟ್‌ಫೈರ್ ವಿಮಾನವನ್ನು ವಾಯುಪಡೆಯವರ ಕೈಗೆ ಪರೀಕ್ಷೆಗೆ ಕೊಟ್ಟದ್ದು ಅಲ್ಲೇ, 1936ರ ಮೇ ತಿಂಗಳಲ್ಲಿ. 1939ರಲ್ಲಿ ಯುದ್ಧ ಬಂತು. ಪೂರ್ವ ಕರಾವಳಿ ಶತ್ರುವಿಗೆ ತೀರಾ ಹತ್ತಿರ ಅಂತ ಪರೀಕ್ಷಾ ಘಟಕವನ್ನು ದಕ್ಷಿಣದ ಬಾಸ್ಕೂಮ್ ಡೌನ್‌ಗೆ ಸಾಗಿಸಿದರು. ಖಾಲಿಯಾದ ನೆಲೆಗೆ ಫೈಟರ್ ಸ್ಕ್ವಾಡ್ರನ್‌ಗಳು ಬಂದವು, 1943ರಲ್ಲಿ ಅಮೆರಿಕನ್ನರು ಬಂದರು. ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ, 1970ರ ದಶಕದಲ್ಲಿ, ಟೆಲಿಫೋನ್ ಸಂಶೋಧನಾ ಕೇಂದ್ರ ಬಂತು. ಹಳೇ ಕಂಟ್ರೋಲ್ ಟವರ್ ಈಗಲೂ ಇದೆ, ಚಿಕ್ಕ ಮ್ಯೂಸಿಯಂ ಆಗಿ.

ಬೆಂಗಳೂರಿನ ಹುಡುಗರು ಕೋಡ್ ಬರೆಯುವ ನೆಲದಲ್ಲಿ ಒಂದು ಕಾಲಕ್ಕೆ ಪೈಲಟ್‌ಗಳು ಹೊಸ ವಿಮಾನ ಹಾರಿಸಿ, ಇಳಿದು, ‘ಇದು ಸರಿ ಇಲ್ಲ, ಅದು ಸರಿ ಇಲ್ಲ’ ಅಂತ ವರದಿ ಬರೆಯುತ್ತಿದ್ದರು. ಟೆಸ್ಟಿಂಗ್ ಕೆಲಸವೇ! ಇದನ್ನು ಕನ್ನಡದಲ್ಲಿ ನಿಮ್ಮಷ್ಟು ಹತ್ತಿರದಿಂದ ಬರೆಯುವವರು ಯಾರಿದ್ದಾರೆ? ನಿಮ್ಮ ಲೇಖನದಲ್ಲಿ ಮಾರ್ಟಲ್ಶಮ್ ಹೆಸರೇ ಇಲ್ಲ.

ನೀವು ಜೆಪ್ಪೆಲಿನ್ ಬಗ್ಗೆ ಬರೆದ ಸಾಲಿಗೆ ಬರುತ್ತೇನೆ. ‘1917ರಲ್ಲಿ ಜರ್ಮನ್ ವಾಯುನೌಕೆಯೊಂದನ್ನು ಸಫೊಕ್‌ನಲ್ಲಿ ಹೊಡೆದುರುಳಿಸಲಾಯಿತು.’ ಅಷ್ಟೇ. ಅದು ಎಲ್ 48. ಜೂನ್ 17ರ ಬೆಳಗಿನ ಜಾವ ಬಿದ್ದದ್ದು ಥೆಬರ್ಟನ್ ಅನ್ನುವ ಹಳ್ಳಿಯ ಹೊಲದಲ್ಲಿ. ಸತ್ತವರು 16 ಮಂದಿ. ಅವರನ್ನು ಊರಿನವರು ತಮ್ಮ ಚರ್ಚಿನ ಪಕ್ಕದ ಸ್ಮಶಾನದಲ್ಲೇ ಮಣ್ಣು ಮಾಡಿದರು. ಅಲ್ಲಿ ಕೆತ್ತಿದ ಬೈಬಲ್ ವಾಕ್ಯದ ತಾತ್ಪರ್ಯ ಇಷ್ಟು: ಬೇರೊಬ್ಬನ ಸೇವಕನಿಗೆ ತೀರ್ಪು ಹೇಳಲು ನೀನು ಯಾರು? ಅವನು ನಿಂತರೂ ಬಿದ್ದರೂ ಅದು ಅವನ ಯಜಮಾನನಿಗೆ ಬಿಟ್ಟದ್ದು. ಯುದ್ಧ ಇನ್ನೂ ನಡೆಯುತ್ತಿದ್ದ ಕಾಲ. ಬಾಂಬ್ ಹಾಕಲು ಬಂದವರು ಅವರು. ಊರಿನ ಹುಡುಗರು ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಜರ್ಮನ್ನರ ಗುಂಡಿಗೆ ಸಾಯುತ್ತಿದ್ದರು. ಅಂಥದ್ದರಲ್ಲಿ ಈ ವಾಕ್ಯವನ್ನು ಆರಿಸಿದರಲ್ಲ, ಅದರಲ್ಲಿ ಕ್ಷಮೆ ಎಷ್ಟು, ಸಿಟ್ಟು ಎಷ್ಟು? ನನಗಂತೂ ಎರಡೂ ಇದೆ ಅನ್ನಿಸುತ್ತದೆ. ಆಮೇಲೆ 1960ರ ದಶಕದಲ್ಲಿ ದೇಹಗಳನ್ನು ಕ್ಯಾನಕ್ ಚೇಸ್‌ನ ಜರ್ಮನ್ ಸ್ಮಶಾನಕ್ಕೆ ಒಯ್ದರು. ವಾಯುನೌಕೆಯ ಚೌಕಟ್ಟಿನ ಒಂದು ತುಂಡು ಮಾತ್ರ ಥೆಬರ್ಟನ್ ಚರ್ಚಿನ ಬಾಗಿಲ ಪಡಸಾಲೆಯಲ್ಲಿ ಉಳಿದುಕೊಂಡಿದೆ. ಇಪ್ಸ್‌ವಿಚ್‌ನಿಂದ ಭಾನುವಾರ ಹೋಗಿ ಬರುವಷ್ಟು ದೂರ. ಹೋಗಿ. ಆ ತುಂಡು ಎಷ್ಟುದ್ದ ಇದೆ, ಹೇಗೆ ತಿರುಚಿದೆ, ನೋಡಿ ಬರೆಯಿರಿ. ‘ಹೊಡೆದುರುಳಿಸಲಾಯಿತು’ ಅಂತ ಬರೆಯುವುದಕ್ಕೆ ಊರು ಬೇಕಾಗಿಲ್ಲ, ಇಲ್ಲಿ ಬಸವನಗುಡಿಯಲ್ಲಿ ಕೂತು ನಾನೂ ಬರೆಯಬಹುದು.

ಈಗ ಶ್ರೀರಂಗಪಟ್ಟಣ. ಇಲ್ಲಿ ಸ್ವಲ್ಪ ಖಾರವಾಗಿಯೇ ಹೇಳಬೇಕು. ‘1799ರಲ್ಲಿ ಟಿಪ್ಪುವಿನ ಕೋಟೆಗೆ ನುಗ್ಗಿದವರು ಸಫೊಕ್‌ನ ರೈತರ ಮಕ್ಕಳು’ ಅಂತ ಬರೆದಿದ್ದೀರಿ. ಕನ್ನಡದ ಓದುಗರನ್ನು ಹಿಡಿದು ನಿಲ್ಲಿಸಬೇಕು ಅನ್ನುವ ಆಸೆ ಅರ್ಥವಾಗುತ್ತದೆ. ಆದರೆ ಮಾತು ನಿಲ್ಲುವುದಿಲ್ಲ. ಆ ಮುತ್ತಿಗೆಯಲ್ಲಿ, ಮುಂದೆ ಸಫೊಕ್ ರೆಜಿಮೆಂಟ್ ಆದ 12ನೇ ರೆಜಿಮೆಂಟ್ ಇತ್ತು, ಸರಿ. ‘ಸೆರಿಂಗಪಟಮ್’ ಅನ್ನುವುದು ಅವರ ಯುದ್ಧಗೌರವಗಳ ಪಟ್ಟಿಯಲ್ಲೂ ಇದೆ. ಆದರೆ ಆ ರೆಜಿಮೆಂಟಿಗೆ ‘ಈಸ್ಟ್ ಸಫೊಕ್’ ಹೆಸರು ಅಂಟಿದ್ದು 1782ರಲ್ಲಿ. ಪದಾತಿ ರೆಜಿಮೆಂಟುಗಳಿಗೆಲ್ಲ ಒಂದೊಂದು ಕೌಂಟಿಯ ಹೆಸರು ಹಂಚಿದ ಕಾಲ ಅದು. ಹೆಸರು ಇಟ್ಟರೆ ಆ ಕಡೆಯ ಹುಡುಗರು ಸೇರುತ್ತಾರೆ ಅನ್ನುವ ಲೆಕ್ಕ. ನಿಜವಾಗಿ ಸೇರುತ್ತಿದ್ದವರು ಎಲ್ಲೆಲ್ಲಿಂದಲೋ ಬಂದವರು, ಐರ್ಲೆಂಡಿನವರೂ ಸೇರಿ. ಸಫೊಕ್‌ನ ಬರಿ ಸೇಂಟ್ ಎಡ್ಮಂಡ್ಸ್ ಅನ್ನುವ ಊರಿನಲ್ಲಿ ಬ್ಯಾರಕ್ಸ್ ಎದ್ದು, 1881ರ ಸುಧಾರಣೆಯಲ್ಲಿ ‘ಸಫೊಕ್ ರೆಜಿಮೆಂಟ್’ ಅಂತ ಆದಮೇಲೆ ತಾನೇ ಊರಿಗೂ ಸೈನ್ಯಕ್ಕೂ ಗಟ್ಟಿ ನಂಟು ಬೆಳೆದದ್ದು. ಅದಕ್ಕೂ ಎಂಬತ್ತು ವರ್ಷ ಹಿಂದಿನ ಸಿಪಾಯಿಗಳನ್ನೆಲ್ಲ ಸಫೊಕ್ ಹಳ್ಳಿಗೆ ಸೇರಿಸುವುದು ಸರಿಯಲ್ಲ.

ನಂಟು ಬೇಕೇ ಬೇಕು ಅಂದರೆ ಇದಕ್ಕಿಂತ ಗಟ್ಟಿಯಾದದ್ದು ನಿಮ್ಮ ಕೌಂಟಿಯಲ್ಲೇ ಬಿದ್ದಿದೆ. ಕಾರ್ನ್‌ವಾಲಿಸ್. ಹುಟ್ಟಿದ್ದು ಲಂಡನ್‌ನಲ್ಲಾದರೂ ಮನೆತನ ಸಫೊಕ್‌ನದು. ಬರಿ ಸೇಂಟ್ ಎಡ್ಮಂಡ್ಸ್ ಹತ್ತಿರದ ಕಲ್ಫರ್ಡ್ ಅವರ ಎಸ್ಟೇಟ್. ಯುವಕನಾಗಿ ಅದೇ ಕೌಂಟಿಯ ಐ ಅನ್ನುವ ಊರಿನಿಂದ ಪಾರ್ಲಿಮೆಂಟಿಗೆ ಹೋದವನು. 1761ರಲ್ಲಿ ಜರ್ಮನಿಯ ಯುದ್ಧದಲ್ಲಿ ಇದೇ 12ನೇ ರೆಜಿಮೆಂಟಿಗೆ ಲೆಫ್ಟಿನೆಂಟ್ ಕರ್ನಲ್ ಆಗಿದ್ದ. ಮೂವತ್ತು ವರ್ಷದ ಮೇಲೆ, 1791ರ ಮಾರ್ಚ್‌ನಲ್ಲಿ ನಮ್ಮ ಬೆಂಗಳೂರು ಕೋಟೆ ಹಿಡಿದವನು, ಆ ವರ್ಷವೇ ನಂದಿದುರ್ಗ, ಸಾವನದುರ್ಗ ಹಿಡಿಸಿದವನು, 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದವನು ಅವನೇ. ಸಾವನದುರ್ಗ ಹತ್ತಿದ ಬೆಂಗಳೂರಿಗರು ಎಷ್ಟು ಜನ! ಅವರಲ್ಲಿ ಕಲ್ಫರ್ಡ್ ಹೆಸರು ಕೇಳಿದವರು ಯಾರೂ ಇರಲಾರರು. ಆ ಬಂಗಲೆ ಈಗ ಶಾಲೆ. ನಿಮ್ಮ ಲೇಖನದಲ್ಲಿ ಕಾರ್ನ್‌ವಾಲಿಸ್ ಬಂದಿಲ್ಲ ಅನ್ನುವುದು ನನಗೆ ಆಶ್ಚರ್ಯ.

12ನೇ ರೆಜಿಮೆಂಟನ್ನೇ ಇಟ್ಟುಕೊಳ್ಳುವುದಾದರೆ 1799ರ ಏಪ್ರಿಲ್ 5ರ ರಾತ್ರಿಯನ್ನು ತೆಗೆದುಕೊಳ್ಳಿ. ಸುಲ್ತಾನಪೇಟೆ ತೋಪು. ನಾಲೆ, ಮರ, ಕತ್ತಲೆ, ಮೇಲಿಂದ ಟಿಪ್ಪುವಿನ ರಾಕೆಟ್ಟು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆಗಲಿದ್ದ ಕರ್ನಲ್ ವೆಲ್ಲೆಸ್ಲಿ ಒಂದು ಕಡೆಯಿಂದ ನುಗ್ಗಿ, ತೋಪಿನೊಳಗೆ ದಿಕ್ಕು ತಪ್ಪಿ, ಮಂಡಿಗೆ ಏಟು ತಿಂದು ವಾಪಸು ಬಂದ. ಅದೇ ರಾತ್ರಿ ಪಕ್ಕದಲ್ಲಿ ಕರ್ನಲ್ ಶಾ ಎಂಬಾತ 12ನೇ ರೆಜಿಮೆಂಟನ್ನು ಕರೆದುಕೊಂಡು ಹೋಗಿ ತನಗೆ ಒಪ್ಪಿಸಿದ ಜಾಗ ಹಿಡಿದ. ಸೋತವನ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಮುಂದೆ ದೊಡ್ಡ ಮನುಷ್ಯನಾದ ಅಂತ. ಗೆದ್ದವನನ್ನು ಯಾರೂ ಕೇಳುವುದಿಲ್ಲ. ಮಂಡ್ಯ ಜಿಲ್ಲೆಯ ಓದುಗರಿಗೆ ಆ ನಾಲೆ, ಆ ತೋಟಗಳ ಕತ್ತಲೆ ವಿವರಿಸಿ ಹೇಳಬೇಕಾಗಿಯೂ ಇಲ್ಲ.

ಚೆನ್ನಾಗಿರುವುದನ್ನೂ ಹೇಳಬೇಕಲ್ಲ. ಲ್ಯಾಂಡ್‌ಗಾರ್ಡ್ ಕೋಟೆಯ ಭಾಗ ನಿಜಕ್ಕೂ ಓದಿಸಿಕೊಂಡು ಹೋಗುತ್ತದೆ. 1667ರ ಜುಲೈನಲ್ಲಿ ಡಚ್ಚರು ಫೀಲಿಕ್ಸ್‌ಸ್ಟೊ ದಡಕ್ಕೆ ಇಳಿದು ಏಣಿ ಹೊತ್ತುಕೊಂಡು ಬಂದದ್ದು, ಕ್ಯಾಪ್ಟನ್ ಡ್ಯಾರೆಲ್‌ನ ಸಣ್ಣ ಪಡೆ ಅವರನ್ನು ತಡೆದದ್ದು, ಇಂಗ್ಲಿಷ್ ಹಡಗಿನ ಗುಂಡುಗಳು ದಡದ ಬೆಣಚು ಕಲ್ಲಿನ ರಾಶಿಗೆ ಬಡಿದು ಕಲ್ಲುಗಳೇ ಸಿಡಿದು ಡಚ್ಚರ ಮೇಲೆ ಬಿದ್ದದ್ದು. ಇದು ಯಾಕೆ ಚೆನ್ನಾಗಿದೆ ಗೊತ್ತಾ? ನೀವು ಆ ದಡದಲ್ಲಿ ನಡೆದಿದ್ದೀರಿ. ಕಲ್ಲು ಕಾಲಡಿ ಜಾರುವುದು ಬರಹದಲ್ಲಿ ತಿಳಿಯುತ್ತದೆ. ಎದುರಿಗಿರುವ ಕಂಟೇನರ್ ಬಂದರಿನ ಕ್ರೇನುಗಳನ್ನು ಒಂದೇ ಸಾಲಿನಲ್ಲಿ ತಂದು ಬಿಟ್ಟಿದ್ದೀರಿ, ಅದೂ ಸರಿ. ಒಂದು ತಿದ್ದುಪಡಿ ಮಾತ್ರ: ಈಗ ಕಾಣುವ ಕೋಟೆ ಡಚ್ಚರು ಕಂಡದ್ದಲ್ಲ. ಬಹುಪಾಲು 18ನೇ ಮತ್ತು 19ನೇ ಶತಮಾನದ ಕಟ್ಟಡ. ‘ಇದೇ ಗೋಡೆಗೆ ಏಣಿ ಹಾಕಿದರು’ ಅನ್ನುವುದನ್ನು ತೆಗೆಯಿರಿ.

ಸಟನ್ ಹೂ ಅನ್ನುವಲ್ಲಿ ಆಂಗ್ಲೋ-ಸ್ಯಾಕ್ಸನ್ ಕಾಲದ ಸಮಾಧಿ ದಿಬ್ಬದಲ್ಲಿ ಸಿಕ್ಕ ನಿಧಿಯ ವರ್ಣನೆ ಎರಡು ಪುಟ ಇದೆ. ಶಿರಸ್ತ್ರಾಣ, ಚಿನ್ನದ ಬಕಲ್, ಎಲ್ಲ ಎಷ್ಟೋ ಸಲ ಬರೆದಾಗಿರುವ ವಿಷಯ. ನಿಮ್ಮ ಲೇಖನಕ್ಕೆ ಬೇಕಾದ್ದು ಬೇರೆ. 1939ರ ಬೇಸಿಗೆಯಲ್ಲಿ 27 ಮೀಟರ್ ಹಡಗಿನ ಅಚ್ಚು ಮಣ್ಣಲ್ಲಿ ಸಿಕ್ಕಿತು. ಮರವೆಲ್ಲ ಕರಗಿ ಹೋಗಿ ಕಬ್ಬಿಣದ ಮೊಳೆಗಳ ಸಾಲು ಮಾತ್ರ ಉಳಿದಿತ್ತು. ಸೆಪ್ಟೆಂಬರ್‌ನಲ್ಲಿ ಯುದ್ಧ ಬಂತು. ನಿಧಿ ಲಂಡನ್ನಿನ ಸುರಂಗ ರೈಲು ನಿಲ್ದಾಣವೊಂದರಲ್ಲಿ ಅಡಗಿ ಕೂತಿತು. ಆ ದಿಬ್ಬಗಳ ನೆಲದಲ್ಲಿ ಸೈನ್ಯದವರು ತರಬೇತಿ ನಡೆಸಿದರು. ಇದನ್ನು ಒಂದು ಪ್ಯಾರಾದಲ್ಲಿ ಮುಗಿಸಿ, ಇಲ್ಲವೇ ಬಿಟ್ಟುಬಿಡಿ.

ಯುದ್ಧ ಸ್ಮಾರಕಗಳನ್ನು ‘ಇಂಗ್ಲೆಂಡಿನ ವೀರಗಲ್ಲುಗಳು’ ಅಂದಿದ್ದೀರಿ. ನೋಡಲು ಚಂದದ ಮಾತು. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ನಮ್ಮ ವೀರಗಲ್ಲಿನಲ್ಲಿ ಅವನು ಹೇಗೆ ಸತ್ತ ಅನ್ನುವುದು ಕೆತ್ತನೆಯಲ್ಲೇ ಇರುತ್ತದೆ. ತುರು ಕಾಯಲು ಹೋಗಿ ಬಿದ್ದನೋ, ಹುಲಿಯ ಜೊತೆ ಹೋರಾಡಿ ಬಿದ್ದನೋ, ಕಲ್ಲೇ ಹೇಳುತ್ತದೆ. ಅಲ್ಲಿನ ಸ್ಮಾರಕದಲ್ಲಿ ಬಹುಮಟ್ಟಿಗೆ ಬರೀ ಹೆಸರು. ಉಳಿದದ್ದನ್ನು ನೀವು ಹುಡುಕಬೇಕು. ಯಾವುದಾದರೂ ಒಂದು ಹಳ್ಳಿಯ ಎರಡನೇ ಮಹಾಯುದ್ಧದ ಹೆಸರುಗಳನ್ನು ಬರೆದುಕೊಂಡು ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ನೋಡಿ. ಸಫೊಕ್ ರೆಜಿಮೆಂಟಿನ 4ನೇ, 5ನೇ ಬೆಟಾಲಿಯನ್‌ಗಳು 1942ರ ಜನವರಿ ಕೊನೆಗೆ ಸಿಂಗಪುರದಲ್ಲಿ ಇಳಿದವು. ಫೆಬ್ರವರಿ 15ಕ್ಕೆ ಸಿಂಗಪುರ ಜಪಾನೀಯರಿಗೆ ಶರಣಾಯಿತು. ಎರಡು ವಾರ ಕಳೆದು ಸ್ವಲ್ಪ ದಿನದ ಯುದ್ಧ, ಆಮೇಲೆ ಮೂರೂವರೆ ವರ್ಷ ಸೆರೆ, ಬರ್ಮಾ ರೈಲುದಾರಿಯ ಕೂಲಿ. ಅಕ್ಕಪಕ್ಕದ ಹಳ್ಳಿಗಳಿಂದ ಒಟ್ಟಿಗೆ ಸೇರಿದ ಹುಡುಗರು ಇವರು. ಹಾಗಾಗಿ ಸಫೊಕ್ ಹಳ್ಳಿಯ ಹೆಸರಿನ ಎದುರು ಥಾಯ್ಲೆಂಡಿನ ಕಾಂಚನಬುರಿ ಸ್ಮಶಾನ ಕಂಡರೆ ಆಶ್ಚರ್ಯ ಪಡಬೇಡಿ. ಇದು ನಿಮ್ಮ ಲೇಖನದಲ್ಲಿ ‘ಪೂರ್ವ ಏಷ್ಯಾದಲ್ಲೂ ಸೇವೆ ಸಲ್ಲಿಸಿದರು’ ಅಂತ ಆಗಿದೆ. ಸೇವೆ ಅಂತೆ!

ಹಾಗಾದರೆ ಮುಂದೇನು? ಆರು ಸಾವಿರ ಪದದ ಲೇಖನವನ್ನು ಕತ್ತರಿಸಿ ಕಳಿಸಬೇಡಿ, ಅದರಿಂದ ಉಪಯೋಗವಿಲ್ಲ. ಪಕ್ಕಕ್ಕಿಡಿ. ಮಾರ್ಟಲ್ಶಮ್ ಬಗ್ಗೆ ಎರಡು ಸಾವಿರ ಪದ ಹೊಸದಾಗಿ ಬರೆಯಿರಿ. ಕಂಟ್ರೋಲ್ ಟವರ್ ಮ್ಯೂಸಿಯಂ ತೆರೆದಿರುವ ದಿನ ಹೋಗಿ ಅಲ್ಲಿ ಕೆಲಸ ಮಾಡುವ ಹಿರಿಯರ ಜೊತೆ ಕೂತು ಮಾತಾಡಿ. ಇಪ್ಸ್‌ವಿಚ್‌ನಲ್ಲೇ ‘ದ ಹೋಲ್ಡ್’ ಅನ್ನುವ ಕೌಂಟಿ ದಾಖಲಾಗಾರ 2020ರಲ್ಲಿ ಶುರುವಾಗಿದೆ. ಅಲ್ಲಿ ಹಳೇ ನಕ್ಷೆ ಕೇಳಿ, ರನ್‌ವೇ ಎಲ್ಲಿತ್ತು, ನಿಮ್ಮ ಪಾರ್ಕಿಂಗ್ ಎಲ್ಲಿ ಬರುತ್ತದೆ ಅಂತ ಹೊಂದಿಸಿ ನೋಡಿ. ಲ್ಯಾಂಡ್‌ಗಾರ್ಡ್ ಭಾಗ ಬೇರೆಯೇ ಚಿಕ್ಕ ಲೇಖನವಾಗಿ ನಿಲ್ಲುತ್ತದೆ, ಗೋಡೆಯ ವಿಷಯ ಸರಿಪಡಿಸಿ ಅದನ್ನು ಈಗಲೇ ಕಳಿಸಿದರೂ ಆದೀತು. ಕಲ್ಫರ್ಡ್ ಮೂರನೆಯದು, ಅದಕ್ಕೆ ಅವಸರ ಇಲ್ಲ.

ಇಸವಿಗಳನ್ನು ಎರಡು ಕಡೆ ನೋಡಿ ಖಾತ್ರಿ ಮಾಡಿಕೊಳ್ಳಿ. ಸೋಲ್ ಬೇ ಯುದ್ಧ 1672, ನೀವು 1627 ಅಂತ ಟೈಪ್ ಮಾಡಿದ್ದೀರಿ. ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಅಚ್ಚಿಗೆ ಬರುವುದಿಲ್ಲ, ಈಮೇಲ್‌ನಲ್ಲಿ ಮೂಲ ಫೈಲ್ ಕಳಿಸಿ. ಅಂತರ್ಜಾಲದಿಂದ ಎತ್ತಿದ ಚಿತ್ರಗಳು ಬೇಡವೇ ಬೇಡ. ದೀಪಾವಳಿ ಸಂಚಿಕೆಯ ಕೆಲಸ ಮುಂದಿನ ತಿಂಗಳು ಶುರುವಾಗುತ್ತದೆ. ಅಷ್ಟರೊಳಗೆ ಲ್ಯಾಂಡ್‌ಗಾರ್ಡ್ ಬಂದರೆ ಅದಕ್ಕೆ ಜಾಗ ಇಟ್ಟಿರುತ್ತೇನೆ.

ಇತಿ,
ಸಂಪಾದಕ