ಐನ್‌ಮನೆಗೆ ಬೀಗ ಹಾಕಿದವರು ಯಾರು?

ಕೊಡಗಿನ ವಿರಾಜಪೇಟೆ ಕಡೆಯ ಹಿರಿಯ ಓದುಗರೊಬ್ಬರು ಕೇಳಿದ್ದಾರೆ: 'ಗಂಡು-ಗಂಡು, ಹೆಣ್ಣು-ಹೆಣ್ಣು ಮದುವೆಯನ್ನು ಸುಪ್ರೀಂ ಕೋರ್ಟೇ ಒಪ್ಪಲಿಲ್ಲ. ನೀವು ಯಾಕೆ ಅದರ ಪರ ಬರೆಯುತ್ತೀರಿ? ಹೀಗಾದರೆ ಒಕ್ಕ ಉಳಿಯುತ್ತದೆಯೇ?'

ಉತ್ತರ: ಒಕ್ಕ, ಅಂದರೆ ನಮ್ಮ ಕೊಡವ ಮನೆತನ, ಉಳಿಯಬೇಕು ಎಂಬ ನಿಮ್ಮ ಕಾಳಜಿ ನನಗೂ ಇದೆ. ಕೋರ್ಟಿನ ಮಾತೂ ನಿಜ. 2023ರ ಅಕ್ಟೋಬರ್ 17ರಂದು ಐವರೂ ನ್ಯಾಯಮೂರ್ತಿಗಳು ಮದುವೆ ಮೂಲಭೂತ ಹಕ್ಕಲ್ಲ ಎಂದರು. ಆದರೆ ಅಷ್ಟಕ್ಕೇ ಓದಿ ಮಡಚಿಡಬೇಡಿ. ಇಂಥ ಜೋಡಿಗಳ ರೇಷನ್ ಕಾರ್ಡು, ಬ್ಯಾಂಕ್ ಖಾತೆಯ ತೊಂದರೆ ನೋಡಲು ಸಮಿತಿಯ ಮಾತೂ ಅದೇ ತೀರ್ಪಿನಲ್ಲಿದೆ. ಜಂಟಿ ಖಾತೆಗೆ ಅಡ್ಡಿಯಿಲ್ಲ ಎಂದು 2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವೇ ಹೇಳಿತು. ಒಟ್ಟಿಗೆ ಬಾಳುವುದು ಅಪರಾಧವಲ್ಲ ಎಂಬುದಂತೂ 2018ರಲ್ಲೇ ತೀರ್ಮಾನವಾಗಿದೆ.

ಇನ್ನು ಸಂಪ್ರದಾಯ. ನೀವು ಹಿರಿಯರು, ನಿಮಗೆ ಗೊತ್ತಿಲ್ಲದ್ದೇನಲ್ಲ. ಕೊಡವ ಮದುವೆಗೆ ಪುರೋಹಿತರೇ ಬೇಕಿಲ್ಲ. ಹಿರಿಯರು ಅಕ್ಕಿ ಹಾಕಿ ಹರಸಿದರೆ ಆಯಿತು. ಬೇರೆ ಕಡೆ ವಿಧವೆಯರ ತಲೆ ಬೋಳಿಸುತ್ತಿದ್ದ ಕಾಲದಲ್ಲೂ ನಮ್ಮಲ್ಲಿ ಅವರಿಗೆ ಮರುಮದುವೆ ಇತ್ತು. ಮನೆಯಲ್ಲಿ ಗಂಡುಮಕ್ಕಳಿಲ್ಲದಿದ್ದರೆ ಒಕ್ಕಪರಿಜೆ ಮಾಡಿದರು: ಅಳಿಯ ಹೆಣ್ಣಿನ ಒಕ್ಕಕ್ಕೆ ಬಂದ, ಮಕ್ಕಳಿಗೆ ತಾಯಿಯ ಮನೆಹೆಸರು ಬಂತು. ಆಗ ಯಾರೂ ಸಂಸ್ಕೃತಿ ಕೆಟ್ಟಿತು ಎನ್ನಲಿಲ್ಲ. ಮನೆ ಉಳಿಸಲು ನಿಯಮವನ್ನೇ ಬಗ್ಗಿಸಿದ ಜನ ಇವತ್ತು ನಿಯಮಕ್ಕಾಗಿ ಮಕ್ಕಳನ್ನು ಹೊರಗಿಡುತ್ತೇವೆ ಅಂದರೆ ನನಗೆ ಸಂಕಟವಾಗುತ್ತದೆ.

ನನಗೆ ಪರಿಚಯದ ಒಬ್ಬ ತಾಯಿ ಇದ್ದಾರೆ. ಮಗ ಬೆಂಗಳೂರಿನಲ್ಲಿ ಇನ್ನೊಬ್ಬ ಹುಡುಗನ ಜೊತೆ ಬಾಳುತ್ತಿದ್ದಾನೆ. ಅಪ್ಪ ಹಾಸಿಗೆ ಹಿಡಿದಾಗ ರಜೆ ಹಾಕಿ ಬಂದು ಆರೈಕೆ ಮಾಡಿದವರು ಆ ಇಬ್ಬರೇ. ಅಪ್ಪ ತೀರಿಕೊಂಡ ಮೇಲೆ ನಮ್ಮ ಸುಗ್ಗಿ ಹಬ್ಬ ಪುತ್ತರಿ ಬಂದಾಗ ಸಂಬಂಧಿಕರು ಹೇಳಿದ್ದು, 'ಪುತ್ತರಿಗೆ ನೀನೊಬ್ಬನೇ ಬಾ.' ಅವನು ಬರಲೇ ಇಲ್ಲ. ಗದ್ದೆಯಿಂದ ಹೊಸ ಭತ್ತದ ಕದಿರು ತೆಗೆಯುವ ಹೊತ್ತಿಗೆ ಆ ತಾಯಿ ಗೇಟಿನ ಕಡೆಯೇ ನೋಡುತ್ತಿದ್ದರು. ಇದರಿಂದ ಯಾವ ಒಕ್ಕ ಉಳಿಯಿತು, ಹೇಳಿ?

ನಿಜವಾಗಿ ಒಕ್ಕವನ್ನು ಕರಗಿಸುತ್ತಿರುವುದು ಏನು ಅಂತ ಸುಮ್ನೆ ಒಂದು ಸಲ ಸುತ್ತ ನೋಡಿ. ಒಕ್ಕದ ಮೂಲ ಮನೆಗಳಾದ ಐನ್‌ಮನೆಗಳಿಗೆ ಬೀಗ. ವರ್ಷಕ್ಕೊಂದು ದಿನ ಒಕ್ಕದ ಮೂಲಪುರುಷ ಕಾರೋಣನಿಗೆ ಎಡೆ ಇಡಲು ಬಾಗಿಲು ತೆಗೆದರೆ ಜಾಸ್ತಿ. ಗದ್ದೆ ಪಾಳು, ತೋಟ ರೆಸಾರ್ಟಿನವರ ಪಾಲು. ಎಂಬತ್ತು ದಾಟಿದ ಗಂಡ-ಹೆಂಡತಿ ಆನೆಗೆ ಹೆದರಿ ಸಂಜೆಗೇ ಬಾಗಿಲು ಹಾಕಿಕೊಂಡು ಕೂರುತ್ತಾರೆ. ಮಕ್ಕಳೆಲ್ಲ ಸಂಪ್ರದಾಯದಂತೆಯೇ ಮದುವೆಯಾದವರು, ವಿದೇಶದಲ್ಲಿದ್ದಾರೆ. ಅವರನ್ನು ಯಾವ ಸಭೆಯೂ ಖಂಡಿಸುವುದಿಲ್ಲ, ಅಲ್ವಾ? ಖಂಡಿಸಬೇಕು ಅಂತ ನಾನೂ ಹೇಳುತ್ತಿಲ್ಲ. ಆ ವೃದ್ಧರನ್ನು ನೋಡಿಕೊಳ್ಳುವುದು ಹೇಗೆ, ಅದರ ಬಗ್ಗೆ ಇಷ್ಟೇ ಕಾವಿನಿಂದ ಒಂದು ಪತ್ರ ಬರೆಯಿರಿ. ಪೂರ್ತಿ ಪುಟ ಕೊಡುತ್ತೇನೆ.