ಚೆಂಡು ಬಿಡಿ, 59ನೇ ನಂಬರ್ ನೋಡಿ

ಅಮೆರಿಕದ ಶಾರ್ಲಟ್‌ಗೆ ಬಂದು ಎರಡು ತಿಂಗಳಾಯಿತು, ಸೋಮವಾರ ಆಫೀಸಿನಲ್ಲಿ ಎಲ್ಲರೂ ಅಮೆರಿಕನ್ ಫುಟ್‌ಬಾಲ್ ಮಾತಾಡುವಾಗ ಸುಮ್ನೆ ತಲೆ ಆಡಿಸುತ್ತೇನೆ, ಇವರ ಜೊತೆ ಬೆರೆಯುವುದು ಹೇಗೆ ಅಂತ ಕೇಳಿದ್ದೀರಿ. ನಾನೂ ಹಾಗೇ ಕೂತಿದ್ದವನು. ರೂಲ್ಸ್ ಎಲ್ಲ ಕಲಿಯಲು ಹೋಗಬೇಡಿ. ಒಬ್ಬ ಆಟಗಾರನನ್ನು ಹಿಡಿಯಿರಿ.

ನಾನು ಹಿಡಿದದ್ದು 59ನೇ ನಂಬರಿನ ಜೆರ್ಸಿ ತೊಡುತ್ತಿದ್ದ ಲೂಕ್ ಕೀಕ್ಲಿಯನ್ನು. ಸ್ಪೆಲಿಂಗ್ ನೋಡಿ ಮೊದಲ ಸಲ 'ಕ್ಯೂಚ್ಲಿ' ಅಂದುಬಿಟ್ಟಿದ್ದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದರೆ ಊಟಕ್ಕೆ ಜೊತೆಗೆ ಕರೆಯಲು ಶುರು ಮಾಡಿದ್ದೂ ಅವತ್ತಿನಿಂದಲೇ.

ನಮ್ಮೂರಿನ ಪ್ಯಾಂಥರ್ಸ್ ತಂಡಕ್ಕೆ ಅವನು ಬಂದದ್ದು 2012ರಲ್ಲಿ. ಮೊದಲ ವರ್ಷವೇ 164 ಟ್ಯಾಕಲ್ (ಚೆಂಡು ಹಿಡಿದವನನ್ನು ಕೆಡವುವುದು), ಇಡೀ ಲೀಗಿನಲ್ಲೇ ಜಾಸ್ತಿ. ಮರುವರ್ಷ ಲೀಗಿನಲ್ಲೇ ಡಿಫೆನ್ಸ್‌ನ, ಅಂದರೆ ಎದುರಾಳಿಯನ್ನು ತಡೆಯುವವರಲ್ಲಿ, ಅತ್ಯುತ್ತಮ ಆಟಗಾರ. ಅವನ ಜಾಗ ಮಿಡ್ಲ್ ಲೈನ್‌ಬ್ಯಾಕರ್. ಮುಂದಿನ ಸಾಲಿನಲ್ಲಿ ದಢೂತಿ ಆಳುಗಳು ಗುದ್ದಾಡುತ್ತಾರಲ್ಲ, ಅವರ ಬೆನ್ನ ಹಿಂದೆ ನಿಂತಿರುತ್ತಿದ್ದ. ಕಬಡ್ಡಿಯಲ್ಲಿ ರೈಡರ್‌ನ ಕೈ ಬಿಟ್ಟು ಕಾಲು ನೋಡುವ ಪಳಗಿದ ಆಟಗಾರ ಇರುತ್ತಾನಲ್ವಾ, ಹಾಗೆ. ಅವನ ಹೆಲ್ಮೆಟ್ಟಿನ ಹಿಂದೆ ಒಂದು ಹಸಿರು ಚುಕ್ಕಿ ಇರುತ್ತಿತ್ತು. ಒಳಗೆ ಕೋಚ್ ಮಾತು ಕೇಳಿಸುವ ಸ್ಪೀಕರ್ ಇದೆ ಅಂತ ಗುರುತು. ಪ್ರತಿ ಸಲ ಚೆಂಡು ಆಡಿಸುವ ಮೊದಲು ಎಣಿಸುವ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಅದೂ ಬಂದ್. ಆಮೇಲೆ ತನ್ನ ತಲೆಯೇ ಗತಿ. ಎದುರಿನವರು ಏನು ಮಾಡುತ್ತಾರೆ ಅಂತ ಕೀಕ್ಲಿ ಮೊದಲೇ ಕೂಗಿ ಹೇಳಿ ತನ್ನವರನ್ನು ಅತ್ತಿತ್ತ ಸರಿಸುತ್ತಿದ್ದ. ಗಂಟೆಗಟ್ಟಲೆ ಎದುರಾಳಿಗಳ ವಿಡಿಯೋ ನೋಡಿ ಕಲಿತದ್ದು ಅದು. ಜನ 'ಲೂ...ಕ್' ಅಂತ ಕೂಗಿದಾಗ ನನಗೆ 'ಬೂ...' ಅಂತ ಕೇಳಿಸಿ, ಪಾಪ ಯಾಕೆ ಹೂಟ್ ಮಾಡುತ್ತಾರೆ ಅಂದುಕೊಂಡಿದ್ದೆ!

ಅಂಥ ತಲೆಗೇ ಪೆಟ್ಟು ಬಿತ್ತು. 2016ರ ನವೆಂಬರ್, ಗುರುವಾರ ರಾತ್ರಿ, ಸೇಂಟ್ಸ್ ತಂಡದ ವಿರುದ್ಧ ಪಂದ್ಯ. ಪಕ್ಕದ ಮನೆಯಲ್ಲಿ ನೋಡುತ್ತಿದ್ದೆವು. ಗಾಡಿಯಲ್ಲಿ ಕೂರಿಸಿ ಕರೆದೊಯ್ಯುವಾಗ ಅವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ನಾನು ಒಯ್ದಿದ್ದ ಚುರುಮುರಿಯನ್ನು ಅಂಗೈಯಲ್ಲಿ ಹಿಡಿದು ಆ ಮನೆಯ ಯಜಮಾನರು ಹಾಗೇ ಎದ್ದು ನಿಂತಿದ್ದರು. ಬಾಯಿಗೂ ಹಾಕಲಿಲ್ಲ, ಕೆಳಗೂ ಇಡಲಿಲ್ಲ. 2015, 2016, 2017, ಮೂರು ವರ್ಷವೂ ಕನ್‌ಕಷನ್, ಅಂದರೆ ಮಿದುಳಿಗೆ ಪೆಟ್ಟು.

2020ರ ಜನವರಿಯಲ್ಲಿ, 28ನೇ ವಯಸ್ಸಿಗೇ ಆಟ ಬಿಟ್ಟ. ಮೊದಲಿನ ವೇಗ, ಮೊದಲಿನ ಬಲ ಇನ್ನು ಸಾಧ್ಯವೋ ಇಲ್ಲವೋ ಅನ್ನುವ ಅರ್ಥದಲ್ಲಿ ಮಾತಾಡಿದ. ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದಿರಲಿಲ್ಲ. ಒಂದೇ ಸಲ ಅಲ್ಲಿಗೆ ಹೋಗಿ ಡೆನ್ವರ್ ತಂಡದ ಎದುರು 24-10ಕ್ಕೆ ಸೋತಿದ್ದ. ಆದರೂ ನಮ್ಮ ಆಫೀಸಿನಲ್ಲಿ ಒಬ್ಬರೂ ಬೈದದ್ದು ನಾನು ಕೇಳಲಿಲ್ಲ. ನಾನು 28ಕ್ಕೆ ಕೆಲಸ ಬಿಟ್ಟಿದ್ದರೆ ದೊಡ್ಡಪ್ಪ ಮೈಸೂರಿನಿಂದ ದಿನಾ ಫೋನ್ ಮಾಡುತ್ತಿದ್ದರು.

ಭಾನುವಾರ ಯಾರಾದರೂ ಮ್ಯಾಚ್ ನೋಡಲು ಕರೆದರೆ ಹೋಗಿ. ಬರಿಗೈಲಿ ಬೇಡ, ಚುರುಮುರಿ ಆದರೂ ಸಾಕು. ಎದುರಾಳಿ ಚೆಂಡು ಹಿಡಿದು ನಡುವೆ ನುಗ್ಗಿದಾಗ 'ಕೀಕ್ಲಿ ಇದ್ದಿದ್ದರೆ ಇದನ್ನು ಮೊದಲೇ ಹಿಡಿಯುತ್ತಿದ್ದ ಅಲ್ವಾ' ಅನ್ನಿ. ಅರ್ಧ ಗಂಟೆ ಅವರೇ ಮಾತಾಡುತ್ತಾರೆ. ಹೆಸರು ಮಾತ್ರ ಸರಿಯಾಗಿ ಹೇಳಿ.